ಒಳ್ಳೆಯ ತಂದೆಗೆ ಹತ್ತು ನಿಮಿಷ

ಚಹಾದ ಲೋಟ ತೊಳೆದು ಬೋರಲು ಹಾಕುವಷ್ಟರಲ್ಲಿ ಮೊಬೈಲು ಗುರ್ರೆಂದಿತು. ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬಂದಿತ್ತು. ಗೋಧಿ ಹೊಲ, ಇಳಿಬಿಸಿಲು, ಹೊಂಬಣ್ಣದ ಕೂದಲಿನ ಒಬ್ಬ ಗಂಡಸು, ಅವನ ಹೆಗಲ ಮೇಲೆ ಅದೇ ಬಣ್ಣದ ಕೂದಲಿನ ಒಂದು ಮಗು. ಇಬ್ಬರೂ ಹಲ್ಲುಪುಡಿಯ ಜಾಹೀರಾತಿಗೆ ಬಂದವರಂತೆ ನಗುತ್ತಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಸತ್ಯವೇದದ ಪ್ರಕಾರ ಒಳ್ಳೆಯ ತಂದೆ’ ಎಂದಿತ್ತು. ಕೆಳಗೆ, ಆ ಗಂಡಸಿನ ಬೂಟಿನ ಪಕ್ಕದಲ್ಲಿ, ನನ್ನ ಹೆಸರು.

ನಾನು ತಂದೆಯಲ್ಲ. ಈ ವಿಷಯದಲ್ಲಿ ನನಗೆ ಸಂಶಯವಿಲ್ಲ. ತಾಯಿಯೂ ಅಲ್ಲ; ಮದುವೆಯ ಗೊಡವೆಗೆ ಹೋಗದೆ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ಮೇಟ್ರನ್ ಆಗಿ ನಿವೃತ್ತಳಾದವಳು. ನಮ್ಮ ಯುವ ಸಭಾಪಾಲಕರಿಗೆ ಫೋನು ಮಾಡಿ ಇದನ್ನೇ ಹೇಳಿದೆ. ಅವರು ಬೆಂಗಳೂರಿನ ಕಡೆಯವರು, ನಗುನಗುತ್ತಲೇ ಮಾತಾಡುತ್ತಾರೆ. "ಆಂಟಿ, ಜಸ್ಟ್ ಹತ್ತು ನಿಮಿಷ. ಫಾದರ್ಸ್ ಡೇ ಅಲ್ವಾ, ಸ್ವಲ್ಪ ಇನ್‌ಸ್ಪೈರಿಂಗ್ ಆಗಿದ್ರೆ ಸಾಕು. ಆಮೇಲೆ ನನ್ನ ಸ್ಲೈಡ್ಸ್ ಇದೆ, ಒಳ್ಳೆ ತಂದೆಯ ಹತ್ತು ಗುಣಗಳು" ಎಂದರು. ಹತ್ತು ನಿಮಿಷಕ್ಕೆ ಹತ್ತು ಗುಣ. ಗುಣಕ್ಕೊಂದು ನಿಮಿಷ. ನಾನು ವಾರ್ಡಿನಲ್ಲಿ ರೋಗಿಯೊಬ್ಬನ ನಾಡಿ ಎಣಿಸಲಿಕ್ಕೂ ಅಷ್ಟೇ ಹೊತ್ತು ಕೊಡುತ್ತಿದ್ದೆ.

ಪುಣೆಯಲ್ಲಿ ಕನ್ನಡ ಕ್ರೈಸ್ತರ ಸಭೆ ಒಂದಿದೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಪುಣೆಯವರಿಗೂ ಗೊತ್ತಿಲ್ಲ. ಇಲ್ಲಿಯ ಕನ್ನಡಿಗರೆಂದರೆ ಹೋಟೆಲಿನವರು ಎಂದು ಎಲ್ಲರೂ ನಿಶ್ಚಯಿಸಿಬಿಟ್ಟಿದ್ದಾರೆ. ನಾವು ಹೆಸರು ಹೇಳಿದರೆ ಗೋವಾದವರೇ ಎಂದು ಕೇಳುತ್ತಾರೆ. ನಮಗೆ ಸ್ವಂತ ದೇವಾಲಯವಿಲ್ಲ. ಮರಾಠಿ ಸಭೆಯವರ ಕಟ್ಟಡದಲ್ಲಿ, ಅವರ ಆರಾಧನೆ ಮುಗಿದು, ಇಂಗ್ಲಿಷಿನವರದೂ ಮುಗಿದು, ಹೂದಾನಿಯ ಹೂವು ತಲೆ ಬಾಗಿಸಿದ ಮೇಲೆ ಮಟಮಟ ಮಧ್ಯಾಹ್ನ ನಮ್ಮ ಸರದಿ. ಹೊಟ್ಟೆ ತುಂಬಿದವರು ನಿದ್ದೆ ಮಾಡುತ್ತಾರೆ, ತುಂಬದವರು ಗಡಿಯಾರ ನೋಡುತ್ತಾರೆ. ಇಂಥ ಸಭಿಕರಿಗೆ ಉಪದೇಶ ಮಾಡಿದವರು ಪರಲೋಕದಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಾರೆಂದು ನನ್ನ ನಂಬಿಕೆ.

ಇರಲಿ. ಒಪ್ಪಿಕೊಂಡ ಕೆಲಸವನ್ನು ತಯಾರಿಯಿಲ್ಲದೆ ಮಾಡುವ ಪದ್ಧತಿ ನನ್ನಲ್ಲಿಲ್ಲ. ಮೇಜು ಒರೆಸಿ, ಕನ್ನಡಕ ಒರೆಸಿ, ಸತ್ಯವೇದ ತೆಗೆದುಕೊಂಡು ಕುಳಿತೆ. ಒಳ್ಳೆಯ ತಂದೆಯನ್ನು ಮೊದಲ ಪುಟದಿಂದ ಹುಡುಕುತ್ತ ಹೊರಟೆ.

ನೀವೂ ಒಮ್ಮೆ ಹುಡುಕಿ ನೋಡಿ. ಮೊದಲನೆಯ ತಂದೆ ಆದಾಮ; ಅವನ ಒಬ್ಬ ಮಗ ಇನ್ನೊಬ್ಬನನ್ನು ಕೊಂದ. ನೋಹನು ಜಗತ್ತನ್ನೇ ಉಳಿಸಿದ, ಆಮೇಲೆ ಕುಡಿದು ಗುಡಾರದಲ್ಲಿ ಬಟ್ಟೆಯಿಲ್ಲದೆ ಬಿದ್ದುಕೊಂಡ. ಮಕ್ಕಳು ಹಿಮ್ಮುಖವಾಗಿ ನಡೆದು ಹೋಗಿ ಹೊದಿಸಬೇಕಾಯಿತು. ಅಬ್ರಹಾಮನು ಮಗನನ್ನು ಬೆಳಿಗ್ಗೆ ಎಬ್ಬಿಸಿ, ಅವನ ತಲೆಯ ಮೇಲೆ ಅವನದೇ ಚಿತೆಯ ಸೌದೆ ಹೊರಿಸಿ, ಚೂರಿ ಹಿಡಿದು ಬೆಟ್ಟ ಹತ್ತಿದ. ಇಸಾಕನಿಗೆ ಬೇಟೆಯ ಮಾಂಸ ತಂದುಕೊಡುವ ಮಗನೆಂದರೇ ಪ್ರೀತಿ. ಯಾಕೋಬನು ಒಬ್ಬ ಮಗನಿಗೆ ಮಾತ್ರ ಚೆಂದದ ಅಂಗಿ ಹೊಲಿಸಿ ಉಳಿದವರ ಹೊಟ್ಟೆಗೆ ಕಿಚ್ಚು ಹಚ್ಚಿದ. ಏಲಿ ಎಂಬ ಯಾಜಕ ಊರ ಮಂದಿಗೆಲ್ಲ ಬುದ್ಧಿ ಹೇಳುತ್ತಿದ್ದ, ಅವನ ಗಂಡುಮಕ್ಕಳಿಬ್ಬರು ದೇವರಿಗೆ ಬಂದ ಮಾಂಸವನ್ನೇ ಲಪಟಾಯಿಸುತ್ತಿದ್ದರು. ದಾವೀದನ ಮಗ ತಂದೆಯ ಮೇಲೆಯೇ ದಂಡೆತ್ತಿ ಬಂದ. ಬೆತ್ತ ಉಳಿಸಿದರೆ ಮಗ ಕೆಟ್ಟಾನು ಎಂದು ಜ್ಞಾನದ ಮಾತು ಬರೆಸಿದ ಸೊಲೊಮೋನನಿದ್ದಾನಲ್ಲ, ಅವನ ಸ್ವಂತ ಮಗ ಪಟ್ಟಕ್ಕೆ ಬಂದ ಕೂಡಲೇ ಮುಕ್ಕಾಲು ರಾಜ್ಯ ಕಳೆದ. ತಂದೆಗಳಿಗೆ ನಿಯಮ ಬರೆದುಕೊಟ್ಟ ಪೌಲನಿಗೆ ಮಕ್ಕಳೇ ಇರಲಿಲ್ಲ. ಅದಕ್ಕೇ ಅಷ್ಟು ಸ್ಪಷ್ಟವಾಗಿ ಬರೆದ. ಇವರೆಲ್ಲರ ನಡುವೆ ಯಾರ ತಂಟೆಗೂ ಹೋಗದೆ ಮಗುವನ್ನು ಕಾಪಾಡಿದವನು ಬಡಗಿ ಯೋಸೇಫ ಒಬ್ಬನೇ. ಅವನು ಆಡಿದ ಒಂದು ಮಾತೂ ಪುಸ್ತಕದಲ್ಲಿಲ್ಲ.

ಪೌಲನ ನಿಯಮವೇನೋ ಚೆನ್ನಾಗಿದೆ. ತಂದೆಗಳು ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬಾರದು, ಕರ್ತನ ಮಾತಿನಲ್ಲಿ ತಿದ್ದಿ ಬೆಳೆಸಬೇಕು. ಇದನ್ನು ನನ್ನ ಅಪ್ಪನಷ್ಟು ಅಕ್ಷರಶಃ ಪಾಲಿಸಿದವರನ್ನು ನಾನು ಕಾಣೆ. ಆ ಪಾಲನೆ ಹೇಗಿತ್ತೆಂಬುದನ್ನು ಹೇಳಿದರೆ, ಸಭಾಪಾಲಕರ ಸ್ಲೈಡಿನಲ್ಲಿ ಅದು ಯಾಕೆ ಇಲ್ಲವೆಂಬುದು ನಿಮಗೆ ತಿಳಿಯುತ್ತದೆ.

ಅಪ್ಪ ಗದಗ-ಬೆಟಗೇರಿಯ ಕಡೆಯಿಂದ ಪುಣೆಯ ಖಡಕಿಗೆ ಬಂದು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾದವರು. ಮನೆಯಲ್ಲಿ ಎಲ್ಲದಕ್ಕೂ ಹೊತ್ತು ಗೊತ್ತು. ಹಾಸಿಗೆ ಮಡಿಸುವುದಕ್ಕೆ ಒಂದು ರೀತಿ, ಚಪ್ಪಲಿ ಬಿಡುವುದಕ್ಕೆ ಒಂದು ದಿಕ್ಕು. ನಾನು ಮುಂದೆ ನರ್ಸುಗಳ ಹಾಸ್ಟೆಲಿಗೆ ಹೋದಾಗ ಉಳಿದ ಹುಡುಗಿಯರು ಶಿಸ್ತಿಗೆ ಹೆದರಿ ಅತ್ತರು. ನನಗೆ ರಜಕ್ಕೆ ಬಂದಂತಾಗಿತ್ತು. ಸಂಜೆ ಕಂದೀಲು ಒರೆಸಿದಷ್ಟೇ ಕಟ್ಟುನಿಟ್ಟಾಗಿ ಕುಟುಂಬ ಪ್ರಾರ್ಥನೆ. ಮೊದಲು ಒಂದು ಕೀರ್ತನೆ, ಆಮೇಲೆ ವಾಚನ, ಕೊನೆಗೆ ಪ್ರಾರ್ಥನೆ.

ಅಪ್ಪ ನಮ್ಮನ್ನು ಎಂದೂ ಬೈದವರಲ್ಲ. ಬೈದರೆ ಮಕ್ಕಳಿಗೆ ಸಿಟ್ಟು ಬರುತ್ತದೆ, ಪೌಲ ಬೇಡವೆಂದಿದ್ದಾನೆ. ಅದರ ಬದಲು, ತಪ್ಪು ಮಾಡಿದವರ ಕೈಗೆ ಪುಸ್ತಕ ಕೊಟ್ಟು ಆ ತಪ್ಪಿಗೆ ತಕ್ಕ ಭಾಗವನ್ನು ಅವರಿಂದಲೇ ಓದಿಸುತ್ತಿದ್ದರು. ನಾನು ಹೊತ್ತು ಏರಿದ ಮೇಲೆ ಎದ್ದ ದಿನ ಸಂಜೆ, ಸೋಮಾರಿಯೇ ಇರುವೆಯನ್ನು ನೋಡಿ ಕಲಿ ಎಂಬ ಮಾತನ್ನು ಗಟ್ಟಿಯಾಗಿ ಓದಬೇಕು. ತಂಗಿ ಕರುಣಾ ಪಕ್ಕದ ಮನೆಯ ಸುದ್ದಿ ಹೊತ್ತು ತಂದ ದಿನ, ನಾಲಿಗೆಯೆಂಬುದು ಸಣ್ಣ ಬೆಂಕಿ, ದೊಡ್ಡ ಕಾಡನ್ನು ಸುಡುತ್ತದೆ ಎಂಬುದನ್ನು ಅವಳು ಓದಬೇಕು. ಓದುವವರು ಅಪ್ಪ ‘ಸಾಕು’ ಎನ್ನುವ ತನಕ ನಿಲ್ಲಿಸುವಂತಿಲ್ಲ. ಹೊಡೆತ ತಿಂದ ಮಗು ಅಳಬಹುದು, ಬೈಸಿಕೊಂಡದ್ದು ಗೊಣಗಬಹುದು. ಸ್ವಂತ ಬಾಯಿಂದ ತನ್ನನ್ನೇ ಬೈದುಕೊಂಡ ಮಗು ಏನು ಮಾಡಬೇಕು? ಆಮೆನ್ ಎನ್ನಬೇಕು.

ಅವ್ವನದು ಬೇರೆ ದಾರಿ. ಕೊನೆಯ ಪ್ರಾರ್ಥನೆ ಅವಳ ಪಾಲಿನದು. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿರಬೇಕು, ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ದಿನವಿಡೀ ಅಪ್ಪನ ಎದುರು ಹೇಳಲಾಗದ್ದನ್ನೆಲ್ಲ ಅವಳು ಆಗ ದೇವರಿಗೆ ಹೇಳುತ್ತಿದ್ದಳು. ಜೋಳ ಮುಗಿದ ಸಂಗತಿ, ಅಕ್ಕನ ಮಗಳ ಮದುವೆಗೆ ಹೋಗಬೇಕೆಂಬ ಆಸೆ, ಸೂರು ಸೋರುವುದು, ಎಲ್ಲವನ್ನೂ ಕರ್ತನು ಅವ್ವನ ಬಾಯಿಂದ ಕೇಳಿ ತಿಳಿದುಕೊಂಡ. ಮರುದಿನ ಅಪ್ಪ ತಾವೇ ನೆನಪಾದವರಂತೆ ಜೋಳ ತರುತ್ತಿದ್ದರು. ಪ್ರಾರ್ಥನೆ ಕೇಳಲ್ಪಡುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲಿದ್ದಷ್ಟು ಪುರಾವೆ ಬೇರೆಲ್ಲೂ ಇರಲಿಲ್ಲ.

ಕಚೇರಿಯಲ್ಲಿ ಅಪ್ಪನ ಮೇಲೆ ಹತ್ತು ಮಂದಿ ಸಾಹೇಬರಿದ್ದರು. ಬಾಡಿಗೆ ಮನೆಯ ಸಾಲಿನಲ್ಲಿ ಅವರು ಬರೀ ‘ಮದ್ರಾಸಿ ಕಾಕಾ’. ಗದಗು ಮದ್ರಾಸಿನಲ್ಲಿಲ್ಲ ಎಂದು ಮರಾಠಿ ನೆರೆಯವರಿಗೆ ತಿಳಿಸಿ ತಿಳಿಸಿ ಸೋತಿದ್ದರು. ಸಭೆಯಲ್ಲಿ ಮಾತ್ರ ಅವರು ಹಿರಿಯರು. ಪ್ರಭುಭೋಜನದ ಭಾನುವಾರ ಸಭಾಪಾಲಕರ ಹಿಂದೆ ದ್ರಾಕ್ಷಾರಸದ ಬಟ್ಟಲು ಹಿಡಿದು ಸಾಲಿನುದ್ದಕ್ಕೂ ನಡೆಯುವವರು ಅಪ್ಪ. ಅದಕ್ಕೆಂದೇ ಒಂದು ಬಿಳಿಯ ಕೋಟು ಇತ್ತು. ಅದರ ಇಸ್ತ್ರಿಯನ್ನು ಅವ್ವನಿಗೂ ನಂಬಿ ಕೊಡುತ್ತಿರಲಿಲ್ಲ. ಆ ಕೋಟು ತೊಟ್ಟಾಗ ಅವರು ಅರ್ಧ ಗೇಣು ಎತ್ತರವಾಗುತ್ತಿದ್ದರು.

ಇಂಥ ಮನೆಯಲ್ಲಿ ಕರುಣಾ, ತಾನು ಕೆಲಸ ಮಾಡುವ ಬ್ಯಾಂಕಿನಲ್ಲೇ ಇರುವ ವಸಂತನೆಂಬ ಮರಾಠಿ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಹಿಂದೂ. ಕ್ರೈಸ್ತನಾಗುವ ವಿಚಾರ ಅವನಿಗಿರಲಿಲ್ಲ. ಅವಳು ಹಿಂದೂ ಆಗಬೇಕೆಂಬ ವಿಚಾರವೂ ಇರಲಿಲ್ಲ. ಇಂಥ ಮದುವೆಗೆ ದೇವಾಲಯದಲ್ಲಿ ಮೂರು ಭಾನುವಾರ ವಧೂವರರ ಹೆಸರು ಕೂಗಿ ಸಾರುವ ಹಾಗಿಲ್ಲ, ರಿಜಿಸ್ಟರ್ ಕಚೇರಿಯೇ ಗತಿ. ನಮ್ಮ ಸಭೆಯ ಕಟ್ಟಳೆ ಇನ್ನೂ ಮುಂದಕ್ಕೆ ಹೋಗುತ್ತಿತ್ತು. ತನ್ನ ಮನೆಯನ್ನೇ ಆಳಲಾಗದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಪೌಲ ಕೇಳಿದ್ದಾನಲ್ಲ, ಅದರಂತೆ ಮಕ್ಕಳು ಸಭೆಯ ಹೊರಗೆ ಮದುವೆಯಾದರೆ ಅಪ್ಪ ಹಿರಿಯತನ ಬಿಡಬೇಕು. ಬಟ್ಟಲು ಬೇರೆಯವರ ಕೈಗೆ. ಮಗಳೋ ಬಟ್ಟಲೋ ಎಂಬ ಪ್ರಶ್ನೆ ಹೀಗೆ ನಮ್ಮ ಮನೆಯೊಳಗೆ ಬಂದು ಕುಳಿತಿತು.

ಅಪ್ಪ ಬೈಯಲಿಲ್ಲ. ಸಂಜೆ ಕರುಣಾಳ ಕೈಗೆ ಪುಸ್ತಕ ಕೊಟ್ಟರು. ನಂಬದವರೊಡನೆ ಒಂದೇ ನೊಗಕ್ಕೆ ಹೆಗಲು ಕೊಡಬೇಡಿ ಎಂಬ ಭಾಗ. ಅವಳು ಅಲ್ಪವಿರಾಮವನ್ನೂ ಬಿಡದೆ ಓದಿದಳು. ಆದರೆ ಶನಿವಾರದ ವಾಚನ ಮಕ್ಕಳು ಆರಿಸಬಹುದೆಂಬ ನಿಯಮವನ್ನೂ ಅಪ್ಪನೇ ಮಾಡಿದ್ದರು. ಶನಿವಾರ ಅವಳು ಪರಜಾತಿಯ ರೂತಳ ಕಥೆ ತೆಗೆದಳು. ಆ ಹೆಣ್ಣಿನ ಮೊಮ್ಮಗನ ಹೊಟ್ಟೆಯಲ್ಲೇ ದಾವೀದ ಹುಟ್ಟಿದ ಎಂಬಲ್ಲಿಗೆ ಮುಗಿಸಿ ಪುಸ್ತಕ ಮುಚ್ಚಿದಳು. ಮರುದಿನ ಅಪ್ಪ ಸಂಸೋನನನ್ನು ಕರೆತಂದರು: ಪರಕೀಯರ ಹೆಣ್ಣಿನ ಬೆನ್ನು ಹತ್ತಿ ಕೂದಲು ಹೋಯಿತು, ಕಣ್ಣು ಹೋಯಿತು. ಮುಂದಿನ ಶನಿವಾರ ಮೋಶೆ ಬಂದ. ಮೋಶೆ ಹೊರಗಿನ ಹೆಣ್ಣನ್ನು ಮದುವೆಯಾದನೆಂದು ಅವನ ಅಕ್ಕ ಮಿರ್ಯಾಮಳು ಆಡಿಕೊಂಡಳು. ಆಡಿಕೊಂಡದ್ದಕ್ಕೆ ಅವಳಿಗೆ ಮೈಯೆಲ್ಲ ತೊನ್ನು ಹತ್ತಿತು. ಇದನ್ನು ಓದುವಾಗ ಕರುಣಾ ನನ್ನ ಕಡೆ ನೋಡಿದಳು. ನಾನು ಇಡೀ ಪ್ರಕರಣದಲ್ಲಿ ತುಟಿ ಬಿಚ್ಚಿರಲಿಲ್ಲ; ಆದರೂ ಅವತ್ತು ಮಲಗುವ ಮುಂಚೆ ತೋಳು ನೋಡಿಕೊಂಡೆ.

ಕೊನೆಗೆ ಅಪ್ಪ ಹುಡುಗನನ್ನೇ ಸಂಜೆ ಕರೆಯಿಸಿದರು. ನಮ್ಮಲ್ಲಿ ಅತಿಥಿಗೆ ಮಾನ ಕೊಡುವುದೆಂದರೆ ಆ ದಿನದ ವಾಚನ ಅವನ ಕೈಗೆ ಕೊಡುವುದು. ವಸಂತನಿಗೆ ಕನ್ನಡ ಓದಲು ಬಾರದೆಂದು ಮರಾಠಿ ಸಭೆಯವರಿಂದ ಒಂದು ಮರಾಠಿ ಸತ್ಯವೇದ ಕೇಳಿ ತಂದು ಗುರುತು ಹಾಕಿಟ್ಟಿದ್ದರು. ಯಾಕೋಬನು ಮಾವ ಲಾಬಾನನ ಮನೆಯಲ್ಲಿ ಕಿರಿಯ ಮಗಳಿಗಾಗಿ ಏಳು ವರ್ಷ ದುಡಿದ ಭಾಗ. ಹಿರಿಯಳನ್ನು ಬಿಟ್ಟು ಕಿರಿಯಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅಲ್ಲಿ ಲಾಬಾನ ಹೇಳುತ್ತಾನೆ. ಅದೇ ಮಾತು ಹುಡುಗನ ಬಾಯಿಂದಲೇ ಬರಲಿ, ಮದುವೆಯಾಗದ ಹಿರಿಯ ಮಗಳಾದ ನಾನು ಎದುರಿಗೇ ಕುಳಿತಿರುತ್ತೇನೆ, ಅವನಿಗೇ ನಾಚಿಕೆಯಾಗಿ ಎದ್ದು ಹೋಗಲಿ ಎಂಬುದು ಅಪ್ಪನ ಲೆಕ್ಕಾಚಾರ. ಆ ಕಥೆಯ ಹಿರಿಯ ಮಗಳ ಕಣ್ಣು ಮಂದವಾಗಿತ್ತೆಂದೂ ಅಲ್ಲೇ ಬರೆದಿದೆ. ನನಗೆ ಆಗಲೇ ದಪ್ಪ ಗಾಜಿನ ಕನ್ನಡಕ.

ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೆಂದರೆ ವಸಂತ ಬ್ಯಾಂಕಿನ ನಾಟಕದ ಮಂಡಳಿಯಲ್ಲಿದ್ದ. ಪುಣೆಯಲ್ಲಿ ಮೂರು ಮಂದಿ ಗುಮಾಸ್ತರು ಕೂಡಿದರೆ ಒಂದು ನಾಟಕವಾಗುತ್ತದೆ. ನಮ್ಮ ಮನೆಯಲ್ಲಿ ವಾಚನವೆಂದರೆ ಎಲ್ಲರೂ ಒಂದೇ ಸಪಾಟು ದನಿಯಲ್ಲಿ ಓದುವುದು. ಸೃಷ್ಟಿಯಾದರೂ ಪ್ರಳಯವಾದರೂ ದನಿ ಏರಿಳಿಯುತ್ತಿರಲಿಲ್ಲ. ವಸಂತ ಗಂಟಲು ಸರಿಮಾಡಿಕೊಂಡು ಯಾಕೋಬನಿಗೊಂದು ದನಿ, ಲಾಬಾನನಿಗೊಂದು ದನಿ ಹಾಕಿದ. ಲಾಬಾನ ಮೂಗಿನಲ್ಲಿ ಮಾತಾಡುತ್ತ, ಕೈ ಉಜ್ಜಿಕೊಳ್ಳುತ್ತ ನಮ್ಮ ಚಾಪೆಯ ಮೇಲೆ ಬಂದು ಕುಳಿತ. ಏಳು ವರ್ಷ ಸವೆದವು, ಮದುವೆಯ ಊಟವಾಯಿತು, ಬೆಳಗಾದ ಮೇಲೆ ನೋಡಿದರೆ ಮುಸುಕಿನೊಳಗೆ ಹಿರಿಯಳು. ಅಪ್ಪ ಬೇಕಾದ ಸಾಲು ಬಂದ ಕೂಡಲೇ ‘ಸಾಕು’ ಎಂದರು. ವಸಂತನಿಗೆ ಆ ನಿಯಮ ಯಾರೂ ಹೇಳಿರಲಿಲ್ಲ. ಅವನಿಗೆ ಮುಂದೇನಾಯಿತೆಂದು ತಿಳಿಯುವುದು ಮುಖ್ಯವಾಗಿತ್ತು. ಮುಂದಿನ ಪುಟ ಮಗುಚಿ ಕಣ್ಣಲ್ಲೇ ಓದಿ, ಇನ್ನೂ ಏಳು ವರ್ಷ ದುಡಿಮೆ ಇದೆಯೆಂದು ಕಂಡು, ಬಹಳ ಮರುಕದಿಂದ ಅಪ್ಪನನ್ನು ನೋಡಿ ಹೇಳಿದ: "ಕಾಕಾ, ಹಾ ಸಾಸರಾ ಫಸವ್ಯಾ ನಿಘಾಲಾ ಕೀ."

ಅಂದರೆ, ಈ ಮಾವ ಮೋಸಗಾರ ನೋಡ್ರಿ ಎಂದು. ಅವನಿಗೆ ಯಾರನ್ನೂ ಚುಚ್ಚುವ ಉದ್ದೇಶವಿರಲಿಲ್ಲ. ಆ ಪುಸ್ತಕವನ್ನು ಅವನು ಕಥೆಯೆಂದು ಓದಿದ್ದ. ನಮ್ಮಲ್ಲಿ ಯಾರಿಗೂ ಹಾಗೆ ಓದಿ ರೂಢಿಯಿರಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಹೊರಗೆ ಬಂತು. ಅಪ್ಪ ಮಾತ್ರ ಮರಾಠಿ ಸತ್ಯವೇದ ತೆಗೆದುಕೊಂಡು ರುಮಾಲಿನಲ್ಲಿ ಸುತ್ತಿಟ್ಟರು, ಪೆಟ್ಟು ತಾಗಿದ ಕೂಸನ್ನು ಸುತ್ತುವಂತೆ.

ಸುದ್ದಿ ಸಭೆಗೆ ಮುಟ್ಟಲು ತಡವಾಗಲಿಲ್ಲ. ಸಭೆಯ ದೊಡ್ಡ ಹಿರಿಯರಾದ ದಾನಿಯೇಲಪ್ಪನವರು ಮತ್ತಿಬ್ಬರನ್ನು ಕರೆದುಕೊಂಡು ಮನೆಗೆ ಬಂದರು. ಕ್ರೂರಿಗಳಲ್ಲ, ಅನುಭವಸ್ಥರು. ಇಂಥ ಪ್ರಕರಣಗಳನ್ನು ಹಿಂದೆಯೂ ಇಸ್ತ್ರಿ ಮಾಡಿ ಮಡಿಸಿಟ್ಟವರು.

"ನೋಡ್ರಿ, ಹುಡುಗಿಗೆ ಬ್ಯಾಡ ಅನ್ರಿ ಅಂತ ನಾವೇನ್ ಹೇಳಂಗಿಲ್ಲ, ಅಕಿ ಕೇಳಾಕಿ ಅಲ್ಲ" ಎಂದರು ದಾನಿಯೇಲಪ್ಪನವರು. "ಅವತ್ತೊಂದ್ ದಿನಾ ನೀವು ಮನ್ಯಾಗ ಕುಂದರ್ರಿ, ಸಾಕು. ತಂದಿ ಹೋಗಿದ್ದಿಲ್ಲ ಅಂದ್ರ ಸಭಾದಾಗ ನಾ ಮಾತಾಡತೀನಿ. ಮುಂದಿನ ಐತವಾರ ಬಟ್ಲಾ ನೀವೇ ಹಿಡೀರಿ."

ಇದೊಂದು ಜಾಣತನದ ಏರ್ಪಾಡು. ಬೇರೆ ಮನೆಗಳಲ್ಲಿ ನಡೆದುಬಂದದ್ದೂ ಹೌದು. ಮದುವೆಯ ದಿನ ತಂದೆಗೆ ಜ್ವರ ಬರುತ್ತದೆ, ಸಭೆಯ ಗೌರವ ಉಳಿಯುತ್ತದೆ, ವರ್ಷ ತುಂಬಿ ಮೊಮ್ಮಗು ಹುಟ್ಟಿದ ಮೇಲೆ ಕ್ರಿಸ್ಮಸ್ಸಿಗೆ ಎಲ್ಲರೂ ಕೂಡಿ ಕರ್ಜಿಕಾಯಿ ತಿನ್ನುತ್ತಾರೆ. ದೇವರು, ಸಭೆ, ಅಳಿಯ, ಯಾರಿಗೂ ಬೇಸರವಿಲ್ಲ. ಮದುವೆಯ ದಿನ ಬಾಗಿಲ ಕಡೆಗೆ ನೋಡುತ್ತ ನಿಂತವಳು ಒಬ್ಬಳಿರುತ್ತಾಳೆ, ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಪ್ಪ ಬಸಿಗಳನ್ನು ಅವರ ಕಡೆಗೆ ಸರಿಸಿದರು. "ಛಾ ಆರತದ, ಕುಡೀರಿ" ಎಂದರು.

ಆ ಸಂಜೆ ವಾಚನ ಯಾವುದಿತ್ತೋ ನೆನಪಿಲ್ಲ. ಅವ್ವನ ಪ್ರಾರ್ಥನೆ ನೆನಪಿದೆ. ಅಂದು ಅವಳು ಜೋಳದ ಸುದ್ದಿ ಎತ್ತಲಿಲ್ಲ. "ಕರ್ತನೇ, ಈ ಮನ್ಯಾಗ ಎಲ್ಲಾರೂ ನಿನ್ನ ಪುಸ್ತಕಾ ಓದತಾರ, ಹುಡುಗಿ ಮಾರಿ ಯಾರೂ ನೋಡವಲ್ರು. ನೀನರ ನೋಡು. ಆಮೆನ್" ಎಂದಳು. ನಾವೆಲ್ಲ ಕಣ್ಣು ತೆರೆದೆವು. ಅಪ್ಪ ತೆರೆಯಲಿಲ್ಲ. ಅವ್ವ ಎದ್ದು ಹೋಗಿ ತಾಟು ಹಾಕಿದರೂ ಅವರು ಹಾಗೇ ಕುಳಿತಿದ್ದರು.

ಮದುವೆಯ ದಿನ ಅಪ್ಪ ಎಂದಿನ ಹೊತ್ತಿಗೆ ಎದ್ದು, ಎಂದಿನಂತೆ ಸ್ನಾನ ಮಾಡಿ, ನಮಗಿಂತ ಮುಂಚೆ ಮನೆ ಬಿಟ್ಟರು. ಕಚೇರಿಗೆ ಹೋದರೆಂದುಕೊಂಡೆವು. ನಾನೂ ಅವ್ವನೂ ರಿಜಿಸ್ಟರ್ ಕಚೇರಿಯ ಒಳಗೆ ಸಾಕ್ಷಿಗಳ ಜೊತೆ ಕುಳಿತಿದ್ದೆವು. ಕರುಣಾ ಗಾಳಿ ಬೇಕೆಂದು ಹೊರಗೆ ಮೆಟ್ಟಿಲ ಕಡೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಹಿಂದೆ ಅಪ್ಪ ಇದ್ದರು. ಪ್ರಭುಭೋಜನದ ಬಿಳಿ ಕೋಟು ತೊಟ್ಟಿದ್ದರು.

ಅವರು ಅದಕ್ಕೆ ಕಾರಣ ಹೇಳಲಿಲ್ಲ. ಇದು ಎಷ್ಟು ಅಪೂರ್ವವೆಂದು ನಿಮಗೆ ತಿಳಿಯಬೇಕಾದರೆ ನೀವು ನಮ್ಮ ಮನೆಯಲ್ಲಿ ಬೆಳೆದಿರಬೇಕು. ಕೊಡೆ ಕೊಳ್ಳುವುದಕ್ಕೂ ಒಂದು ವಚನದ ಆಧಾರ ಹುಡುಕುತ್ತಿದ್ದ ಮನುಷ್ಯ, ಜೀವಮಾನದ ದೊಡ್ಡ ಕೆಲಸವೊಂದನ್ನು ಅಧ್ಯಾಯ ಸಂಖ್ಯೆಯಿಲ್ಲದೆ ಮಾಡಿಬಿಟ್ಟರು. ಮುಂದಿನ ಭಾನುವಾರ ಯಾರೂ ಕೇಳುವ ಮುಂಚೆಯೇ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು. ದಾನಿಯೇಲಪ್ಪನವರು ಬಟ್ಟಲು ಹಿಡಿದರು. ಕೈ ನಡುಗಿ ಚೆಲ್ಲಿದರು ಎಂದು ಬರೆಯಲು ನನಗೂ ಆಸೆ, ಆದರೆ ಚೆನ್ನಾಗಿಯೇ ಹಿಡಿದರು. ಮುಂದೆ ಅವರ ಸ್ವಂತ ಮೊಮ್ಮಗ ಪಂಜಾಬಿ ಹುಡುಗಿಯನ್ನು ಕರೆತಂದಾಗ ಪವಿತ್ರಾತ್ಮನ ಪ್ರೇರಣೆಯಿಂದ ಸಭೆಗೆ ಆ ಕಟ್ಟಳೆ ಸಡಿಲಿಸಬೇಕೆಂದು ತೋರಿತು. ಅಪ್ಪನನ್ನು ಮತ್ತೆ ಮುಂದೆ ಕರೆಯಬೇಕೆಂದು ಪವಿತ್ರಾತ್ಮ ಯಾರಿಗೂ ಪ್ರೇರಿಸಲಿಲ್ಲ.

ಒಂದು ಬದಲಾವಣೆಯಾಯಿತು. ಮದುವೆಯ ನಂತರ ಅಪ್ಪ ಭಾಗ ಆರಿಸಿ ಓದಿಸುವುದನ್ನು ಬಿಟ್ಟರು. ಮೊದಲ ಪುಟದಿಂದ ಶುರುಮಾಡಿ ಸಾಲಾಗಿ, ಬಂದದ್ದನ್ನು ಬಂದಂತೆ. ಯಾರಿಗೆ ಯಾರು ಹುಟ್ಟಿದರು, ಗುಡಾರದ ಪರದೆ ಎಷ್ಟು ಮೊಳ, ಗೋಡೆಗೆ ಬೂಸಲು ಹತ್ತಿದರೆ ಯಾಜಕನಿಗೆ ಹೇಗೆ ತೋರಿಸಬೇಕು, ಎಲ್ಲವನ್ನೂ ಓದಿದೆವು. ಯಾರ ಮೇಲೂ ಗುರಿಯಿಟ್ಟದ್ದಲ್ಲವಾದ್ದರಿಂದ ಎಲ್ಲರೂ ನೆಮ್ಮದಿಯಾಗಿ ತೂಕಡಿಸಿದೆವು. ವಸಂತ ಬಂದ ದಿನ ಮಾತ್ರ ಆ ವಂಶಾವಳಿಗೂ ದನಿ ಬರುತ್ತಿತ್ತು. ಅಪ್ಪ ಅವನಿಗೆ ‘ಸಾಕು’ ಎಂದದ್ದನ್ನು ನಾನು ಮತ್ತೆ ಕೇಳಲಿಲ್ಲ.

ಇಷ್ಟನ್ನು ನೆನೆದು, ಪ್ರಸಂಗಕ್ಕೆ ಉಪಯೋಗವಿಲ್ಲವೆಂದು ಬದಿಗಿಟ್ಟು, ಕರುಣಾಳಿಗೆ ಫೋನು ಮಾಡಿದೆ. ಅವಳೂ ವಸಂತನೂ ಈಗ ಖರಾಡಿಯಲ್ಲಿ ಮಗಳ ಮನೆಯ ಹತ್ತಿರ ಇದ್ದಾರೆ. ಅವತ್ತು ಮೆಟ್ಟಿಲ ಮೇಲೆ ಅಪ್ಪ ಏನಂದರೆಂದು ಕೇಳಿದೆ.

"ಇಷ್ಟ್ ವರ್ಷ ಆದಮ್ಯಾಲೆ ಕೇಳಾಕತ್ತೀಯಲ್ಲ" ಎಂದಳು. ಆಮೇಲೆ ಹೇಳಿದಳು. ಅಪ್ಪ ಅವಳನ್ನು ಹರಸಲಿಲ್ಲ, ತಬ್ಬಿಕೊಳ್ಳಲಿಲ್ಲ. ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತ, "ನನಗ ಇನ್ನೂ ಮನಸಿಲ್ಲ, ತಿಳಕೋ" ಎಂದರಂತೆ. ಅವಳಿಗೂ ಅಪ್ಪನ ರಕ್ತವೇ. ಮನಸ್ಸಿಲ್ಲದಿದ್ದರೆ ಹೋಗ್ರಿ ಎಂದಳಂತೆ. ಅದಕ್ಕೆ ಅಪ್ಪ, "ಮನಸಿಲ್ಲ ಅಂದೆ. ಬರೂದಿಲ್ಲ ಅಂದ್ನೇನು?" ಎಂದರಂತೆ.

ಫೋನು ಇಟ್ಟ ಮೇಲೆ ನಾನು ತೊಳೆದಿಟ್ಟ ಚಹಾದ ಲೋಟವನ್ನೇ ಮತ್ತೊಮ್ಮೆ ತೊಳೆದೆ. ನನ್ನ ದಿನಚರಿಯಲ್ಲಿ ಅದಕ್ಕೆ ಜಾಗವಿಲ್ಲ, ಆದರೂ. ಅಪ್ಪ ಮನಸ್ಸು ಬದಲಿಸಿ ಬಂದಿದ್ದರೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಮನಸ್ಸು ಬದಲಾದ ಮೇಲೆ ಬರುವುದು ಸುಲಭ. ಕಾಲು ತಾನೇ ನಡೆಯುತ್ತದೆ. ಇವರು ಒಲ್ಲದ ಮನಸ್ಸನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಿದ್ದರು. ಆಗ ಸುವಾರ್ತೆಯ ಒಂದು ಸಣ್ಣ ದೃಷ್ಟಾಂತ ಕಥೆ ಹೊಳೆಯಿತು. ತೋಟಕ್ಕೆ ಹೋಗೆಂದು ತಂದೆ ಇಬ್ಬರು ಮಕ್ಕಳಿಗೆ ಹೇಳುತ್ತಾನೆ. ಒಬ್ಬ ಹೋಗ್ತೀನಪ್ಪ ಅನ್ನುತ್ತಾನೆ, ಹೋಗುವುದಿಲ್ಲ. ಇನ್ನೊಬ್ಬ ಒಲ್ಲೆ ಅನ್ನುತ್ತಾನೆ, ಆಮೇಲೆ ಹೋಗುತ್ತಾನೆ. ತಂದೆಯ ಮಾತು ನಡೆಸಿದವರು ಯಾರು ಎಂದು ಪ್ರಶ್ನೆ. ಅದು ಮಕ್ಕಳ ಕುರಿತು ಹೇಳಿದ ಕಥೆ. ಫಾದರ್ಸ್ ಡೇಗೆ ಅದನ್ನು ಯಾರೂ ತೆಗೆಯುವುದಿಲ್ಲ. ತಂದೆಗಳೂ ಯಾರದೋ ಮಕ್ಕಳೇ ಎಂಬುದು ಸ್ಲೈಡು ಮಾಡುವವರಿಗೆ ಹೊಳೆದಂತಿಲ್ಲ.

ಭಾನುವಾರ ಮಧ್ಯಾಹ್ನ ಅದನ್ನೇ ಹೇಳಿದೆ. ಅಪ್ಪನ ಬಟ್ಟಲು, ಕೋಟು, ಮೆಟ್ಟಿಲ ಮೇಲಿನ ಮಾತು, ಇಬ್ಬರು ಮಕ್ಕಳ ಕಥೆ; ಕೊಟ್ಟ ಹೊತ್ತು ತುಂಬುವ ಮುಂಚೆಯೇ ಇಳಿದು ಬಂದೆ. ಚಪ್ಪಾಳೆ ತಟ್ಟಬೇಕೋ ಆಮೆನ್ ಅನ್ನಬೇಕೋ ತಿಳಿಯದೆ ಸಭಿಕರು ಕೆಮ್ಮಿದರು. ಸಭಾಪಾಲಕರು "ವೆರಿ ಟಚಿಂಗ್, ಆಂಟಿ" ಎಂದು ಗೋಧಿ ಹೊಲದ ಗಂಡಸನ್ನು ಪರದೆಯ ಮೇಲೆ ನಗಿಸಿ ಹತ್ತೂ ಗುಣಗಳನ್ನು ಒಂದನ್ನೂ ಬಿಡದೆ ಹೇಳಿದರು. ಆರನೆಯದು ತಾಳ್ಮೆ. ಎಂಟನೆಯದೂ ತಾಳ್ಮೆಯೇ, ಇಂಗ್ಲಿಷಿನಲ್ಲಿ.

ಹೊರಗೆ ಚಹಾ ಕೊಡುವಲ್ಲಿ ನಮ್ಮ ಸಭೆಯ ಕಾರ್ಯದರ್ಶಿ ಜಯರಾಜ ಕಪ್ಪು ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ನಿಂತರು. ಬರುವ ತಿಂಗಳು ವಾಕಡದಲ್ಲಿರುವ ಅವರ ಮಗಳ ರಿಜಿಸ್ಟರ್ ಮದುವೆ. ಹುಡುಗ ನಮ್ಮವನಲ್ಲ. ಈಗ ಹಿರಿಯತನವನ್ನು ಯಾರೂ ಕಸಿಯುವುದಿಲ್ಲ, ಬರೀ ನೋಡುತ್ತಾರೆ; ಅದೇ ಸಾಕಾಗುತ್ತದೆ. ಅಂದು ಅವರಿಗೆ ಊರಲ್ಲಿ ತುರ್ತು ಕೆಲಸವಿದೆಯೆಂದು ಆಗಲೇ ಸುದ್ದಿಯಿತ್ತು. ಜಯರಾಜ ಬೇರೆ ಬೇರೆ ಮಾತಾಡಿದರು. ಪ್ರೊಜೆಕ್ಟರು ಸರಿಯಾಗಿ ನಡೆಯಿತೆಂದರು, ಸೆಖೆ ಬಹಳವೆಂದರು. ಕೊನೆಗೆ ಕಪ್ಪಿನೊಳಗೆ ನೋಡುತ್ತ ಕೇಳಿದರು: "ಸಿಸ್ಟರ್, ಅವತ್ತ ನಿಮ್ಮ ತಂದಿಯವರು ಸಹಿ ಆದಕೂಡ್ಲೆ ಹೋದ್ರೋ, ಊಟಕ್ಕೂ ನಿಂತ್ರೋ?"

"ನಿಂತ್ರು. ಬೀಗರ ಮನ್ಯಾಗ ಹೋಳಗಿ ಮಾಡಿದ್ರು. ಸಾರು ಭಾಳ ಸಪ್ಪಗದ ಅಂದ್ರು" ಎಂದೆ. "ಅಂದು, ಮತ್ತೆರಡ ಸಲ ಹಾಕಿಸ್ಕೊಂಡ್ರು."

ಜಯರಾಜ ಚಹಾ ಮುಗಿಸಿದರು. ಬೀಗರು ಮಾಡುವ ಊಟ ಯಾವಾಗಲೂ ಸಪ್ಪಗೇ ಇರತದ ಎಂದರು. ಆಮೇಲೆ ಮೊಬೈಲು ತೆಗೆದು, ಮಗಳಿಗಿರಬೇಕು, ಬಿಸಿಲಿಗೆ ಬೆನ್ನು ಮಾಡಿ ನಂಬರು ಒತ್ತತೊಡಗಿದರು.